ಸುಮನ್‌ತಾಯಿಯ ಪೋಥಿ

2022ರ ಮಳೆಗಾಲ. ಆಗ ನಾನು ಪುಣೆಯ ಶಿವಾಜಿನಗರದ ಸಮೀಪದ ಒಂದು ಆಸ್ಪತ್ರೆಯಲ್ಲಿ ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ತೊದಲುವ ಮಕ್ಕಳಿಗೆ ಮಾತು ತಿದ್ದುವುದೇ ನಮ್ಮ ಕೆಲಸವೆಂದು ಬಹಳ ಜನ ತಿಳಿದಿದ್ದಾರೆ. ನನ್ನ ಬಳಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ವಯಸ್ಕರು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಮೆದುಳಿನ ಎಡಭಾಗದಲ್ಲಿ ರಕ್ತ ಹರಿಯುವುದು ನಿಂತು ಭಾಷೆಯ ಕೇಂದ್ರಕ್ಕೆ ಪೆಟ್ಟಾದಾಗ, ನಾಲಿಗೆ ಗಂಟಲು ಎಲ್ಲ ನೆಟ್ಟಗಿದ್ದರೂ ಬೇಕಾದ ಪದ ಬಾಯಿಗೆ ಬರುವುದಿಲ್ಲ. ಕೆಲವರಿಗೆ ಬೇರೆಯವರ ಮಾತೂ ತಿಳಿಯುವುದಿಲ್ಲ. ಆದರೆ ಬುದ್ಧಿ ಹೋಗಿರುವುದಿಲ್ಲ. ಈ ಕೊನೆಯ ಮಾತನ್ನು ವಿದ್ಯಾರ್ಥಿಗಳಿಗೆ ನಾನು ವರ್ಷ ವರ್ಷ ಹೇಳುತ್ತಿದ್ದೆ. ಹೇಳಿದ್ದನ್ನು ನಾನೇ ಮರೆತ ಪ್ರಕರಣವಿದು. ಇದರಲ್ಲಿ ಬರುವವರ ಹೆಸರುಗಳನ್ನು ಬದಲಿಸಿದ್ದೇನೆ.

ಸುಮನ್‌ತಾಯಿ (ಮರಾಠಿಯಲ್ಲಿ 'ತಾಯಿ' ಎಂದರೆ ಅಕ್ಕ) ಪುಣೆ ಸಮೀಪದ ಸಾಸವಡದವರು, ಅರವತ್ತೊಂದು ವಯಸ್ಸು. ಊರಿಗೆ ಪಾಲಖಿ, ಅಂದರೆ ಯಾತ್ರೆಯ ಪಲ್ಲಕ್ಕಿ, ಬಂದ ದಿನ ಅದರ ಜೊತೆ ನಡೆದುಬರುವ ವಾರಕರಿ ಯಾತ್ರಿಕರಿಗಾಗಿ ಭಾಕರಿ ರೊಟ್ಟಿ ಬಡಿಯುತ್ತಾ ಕುಳಿತಿದ್ದವರು ಹಾಗೆಯೇ ಬಲಕ್ಕೆ ವಾಲಿದರು. ಗದ್ದಲದಲ್ಲಿ ರಸ್ತೆ ತೆರವಾಗಿ ಪುಣೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಜೀವ ಉಳಿಯಿತು, ಬಲಗೈ, ಬಲಗಾಲು ಮತ್ತು ಮಾತು ಹೋದವು. ಒಂದು ವಾರದ ನಂತರ ಅವರನ್ನು ನಮ್ಮ ಪುನಶ್ಚೇತನ ವಾರ್ಡಿಗೆ ಸ್ಥಳಾಂತರಿಸಿದರು.

ಮೊದಲ ದಿನ ವಿವರ ಕೊಟ್ಟವರು ಗಂಡ ವಸಂತರಾವ್. ಸಾರಿಗೆ ಡಿಪೋದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಮಿತಭಾಷಿ. ನಾನು ಕೇಳುತ್ತಾ ಹೋದೆ, ಅವರು ಮರಾಠಿಯಲ್ಲಿ ಹೇಳುತ್ತಾ ಹೋದರು. ತವರು ಜತ್ತ ತಾಲೂಕಿನ ಹಳ್ಳಿ. ಮದುವೆಯಾಗಿ ನಲವತ್ತನಾಲ್ಕು ವರ್ಷ. ಭಾಷೆ ಮರಾಠಿ. ಶಿಕ್ಷಣ?

"ಶಿಕ್ಷಣ ಅಂತ ಏನೂ ಇಲ್ಲರೀ ಮ್ಯಾಡಮ್," ಎಂದರು. "ಸಹಿ ಮಾಡ್ತಾಳ. ಪೇಪರ್ ಓದಾಕ ತಡವರಸ್ತಾಳ."

ಅವರು ಆಡಿದ್ದು ಮರಾಠಿ. ನನ್ನ ನೆನಪಿನಲ್ಲಿ ಅದು ನಮ್ಮ ಧಾರವಾಡದ ಮನೆಯ ಕನ್ನಡವಾಗಿ ಕೂತಿದೆ, ಮನೆಯವರ ಮರಾಠಿಯನ್ನೆಲ್ಲ ಹಾಗೆಯೇ ಬರೆಯುತ್ತೇನೆ. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಿದ್ದದ್ದೇ ಅಷ್ಟು.

ಪರೀಕ್ಷೆ ಮಾಡಿದೆ. ಕಣ್ಣು ಮುಚ್ಚಿ, ಎಡಗೈ ಎತ್ತಿ, ಕಿಟಕಿ ತೋರಿಸಿ ಎಂಬಂಥ ಇಪ್ಪತ್ತು ಸೂಚನೆಗಳನ್ನು ಮರಾಠಿಯಲ್ಲಿ ಕೊಟ್ಟೆ. ಮೂರನ್ನು ಪಾಲಿಸಿದರು, ಅವೂ ನನ್ನ ಕೈಸನ್ನೆ ನೋಡಿ ಇರಬಹುದು. ಇಪ್ಪತ್ತು ಚಿತ್ರ ತೋರಿಸಿದೆ, ಒಂದನ್ನೂ ಹೆಸರಿಸಲಿಲ್ಲ. ಬಾಯಿಂದ ಹೊರಡುತ್ತಿದ್ದುದು ಎರಡೇ ಸದ್ದು. ಒಂದು "ಬ್ಯಾ, ಬ್ಯಾ." ಇನ್ನೊಂದು ಎಳೆದ "ನೀ." ಮೊದಲನೆಯದನ್ನು ವಸಂತರಾವ್ ಅವರೇ ವಿವರಿಸಿದರು: ಈ ಕಡೆಯ ಹೆಂಗಸರು ಬೆರಗಾದಾಗ 'ಬಯಾ' ಎನ್ನುತ್ತಾರಲ್ಲ, ಅದು. 'ನೀ' ಎಂದರೆ ಮರಾಠಿಯ 'ನೀಟ್', ಅಂದರೆ ಸರಿಯಾಗಿ ಎನ್ನುವುದರ ತುಂಡು ಇರಬೇಕೆಂದು ನಾನು ಊಹಿಸಿದೆ. ಫೈಲಿನಲ್ಲಿ "ಅರ್ಥವಿಲ್ಲದ ಪುನರಾವೃತ್ತಿ" ಎಂದು ಬರೆದೆ.

ಎರಡು ವಾರ ಪ್ರಯತ್ನಿಸಿದೆವು. ಏನೂ ಕದಲಲಿಲ್ಲ. ಥೆರಪಿಯ ಹೊತ್ತಿನಲ್ಲಿ ಅವರು ಗೋಡೆಯತ್ತ ಮುಖ ತಿರುಗಿಸುತ್ತಿದ್ದರು. ಊಟದ ಚಮಚ ದೂಡುತ್ತಿದ್ದರು. ಒಮ್ಮೆ ನರ್ಸ್ ಒಬ್ಬರ ಕೈ ಚಿವುಟಿದರು. ಅವರ ಒಬ್ಬಳೇ ಮಗಳು ವೈಶಾಲಿ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದಳು. ಮೊದಲ ಪಾಳಿ ಮುಗಿಸಿ, ಕಂಪನಿ ಬಸ್ಸಿನಲ್ಲಿ ಇಳಿದು, ಯೂನಿಫಾರ್ಮಿನಲ್ಲೇ ಬರುತ್ತಿದ್ದಳು. ಒಂದು ಸಂಜೆ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು: "ಮ್ಯಾಡಮ್, ಖರೇ ಹೇಳ್ರಿ. ಆಯಿಗೆ ನಾವು ಯಾರಂತ ಗೊತ್ತಾಗ್ತದೇನು?"

ಇಷ್ಟು ಬೇಗ ಹೇಳಲಾಗದು ಎಂದೆ. ನನ್ನ ಮನಸ್ಸು ಮಾತ್ರ ಆಗಲೇ ತೀರ್ಮಾನಿಸಿತ್ತು. ಮುಂದಿನ ಬುಧವಾರ ವೈದ್ಯರು, ಥೆರಪಿಸ್ಟರು, ಮನೆಯವರು ಸೇರಿ ನಡೆಸುವ ಸಭೆಯಿತ್ತು. ಗ್ರಹಿಕೆ ತೀರ ಕಡಿಮೆ, ಥೆರಪಿಯಿಂದ ಪ್ರಯೋಜನ ಸೀಮಿತ ಎಂದು ವರದಿಯ ಕರಡು ಅರ್ಧ ಟೈಪ್ ಮಾಡಿದ್ದೆ. ಅಂಥ ವರದಿ ಹೋದರೆ ಮಾತಿನ ಥೆರಪಿ ನಿಲ್ಲುತ್ತದೆ. ವಸಂತರಾವ್ ಊರಾಚೆಯ ಒಂದು ಆರೈಕೆ ಕೇಂದ್ರವನ್ನು ನೋಡಿಕೊಂಡೂ ಬಂದಿದ್ದರು. ಅವರನ್ನು ದೂರುವಂತಿರಲಿಲ್ಲ. ತಮ್ಮನ್ನು ಗುರುತಿಸದ ಹೆಂಡತಿಯನ್ನು ಎತ್ತಿ ಕೂರಿಸಲು ಅವರ ಬೆನ್ನು ಗಟ್ಟಿಯಿರಲಿಲ್ಲ. ಮಗಳು ಕೆಲಸ ಬಿಡುತ್ತೇನೆ ಎಂದರೆ ಅವರು ಒಪ್ಪುತ್ತಿರಲಿಲ್ಲ.

ಸಭೆಗೆ ಮೊದಲು, ಮನೆಯಲ್ಲಿ ತಾಯಿ ದಿನವೂ ಮುಟ್ಟುತ್ತಿದ್ದ ಸಾಮಾನುಗಳನ್ನು ತರಲು ವೈಶಾಲಿಗೆ ಹೇಳಿದೆ. ಪರಿಚಿತ ವಸ್ತು ಕೈಗೆ ಕೊಟ್ಟರೆ ಕೆಲವೊಮ್ಮೆ ಪದ ಹೊರಡುವುದುಂಟು. ಸೋಮವಾರ ಅವಳು ಚೀಲ ತಂದಳು. ಬಾಚಣಿಗೆ, ಕುಂಕುಮದ ಕರಂಡಕ, ಮಗಳ ಮದುವೆಯ ಫೋಟೋ, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ.

"ಇದು ಆಯಿಯ ಪೋಥಿ ರೀ," ಎಂದಳು. ಪೋಥಿ ಎಂದರೆ ಪಾರಾಯಣದ ದೇವರ ಪುಸ್ತಕ. "ಮಧ್ಯಾಹ್ನ ಎಲ್ಲಾರ ಊಟ ಆದಮ್ಯಾಲ ಗೋಡಿಗೆ ಆನಕೊಂಡು ಇದನ್ನ ಓದತಿದ್ದಳು. ಆವಾಗ ಯಾರೂ ಅಕಿನ್ನ ಮಾತಾಡಸ್ತಿರಲಿಲ್ಲ. ಯಾವ ದೇವರದಂತ ನಮಗೂ ಗೊತ್ತಿಲ್ಲ. ಅಕ್ಷರ ತೆಲುಗು ಇರಬೇಕು."

ಬಟ್ಟೆ ಬಿಚ್ಚಿದೆ. ಮುಖಪುಟ ಹರಿದುಹೋದ, ಅಂಚೆಲ್ಲ ಅರಿಸಿನ ಮೆತ್ತಿದ ಕನ್ನಡ ಕಾದಂಬರಿ! ನಾಲ್ಕು ಸಾಲು ಓದುತ್ತಲೇ ಗುರುತು ಹತ್ತಿತು. ನಮ್ಮ ಕಾಲದಲ್ಲಿ ಹೈಸ್ಕೂಲಿಗೆ ಹೋದ ಯಾರಿಗಾದರೂ ಹತ್ತುತ್ತಿತ್ತು. ಒಂದು ನೇಕಾರರ ಮನೆ. ಮಗ್ಗ ನಿಂತು ಅಪ್ಪ ದೂರದ ಗಿರಣಿಗೆ ಹೋಗುತ್ತಾನೆ. ಅವ್ವ ಕಂಡವರ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಹನ್ನೊಂದು ವರ್ಷದ ಹಿರಿಯ ಮಗಳು ಶಾಲೆ ಬಿಟ್ಟು ತಮ್ಮಂದಿರನ್ನು ಸಾಕುತ್ತಾಳೆ. ಆ ಹುಡುಗಿ ಬೆಳೆದು ದೊಡ್ಡವಳಾಗುವುದೇ ಕಥೆ. ನಾನು ಪರೀಕ್ಷೆಗೆಂದು ಓದಿ ಮರೆತಿದ್ದೆ.

ಮೊದಲ ಹಾಳೆಯಲ್ಲಿ ಮಾಸಿದ ಶಾಯಿಯಲ್ಲಿ ಹೀಗಿತ್ತು: ಕುಮಾರಿ ಗಂಗವ್ವ, ಎಂಟನೇ ಇಯತ್ತೆ, ತರಗತಿಗೆ ಪ್ರಥಮ, ಬಹುಮಾನ.

ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ಈ ಕಡೆ ಇದೆ. ಜತ್ತ ಮಹಾರಾಷ್ಟ್ರಕ್ಕೆ ಸೇರಿದ್ದರೂ ಅಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ, ಶಾಲೆಗಳೂ ಕನ್ನಡದವು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ತವರು ಜತ್ತ ಎಂದಾಗ ಕಿವಿ ನಿಮಿರಲಿಲ್ಲ. ಮೂವತ್ತು ವರ್ಷದಿಂದ ಆಸ್ಪತ್ರೆಯಲ್ಲಿ ನನ್ನ ಕಿವಿಯೂ ಮರಾಠಿಯದ್ದೇ ಆಗಿಹೋಗಿತ್ತು.

ಮಂಚದ ಪಕ್ಕ ಕುಳಿತು ಗಟ್ಟಿಯಾಗಿ ಓದತೊಡಗಿದೆ. ಕನ್ನಡ ಗದ್ಯವನ್ನು ಬಾಯಿಬಿಟ್ಟು ಓದಿ ಎಷ್ಟೋ ಕಾಲವಾಗಿತ್ತು. ಗಡಿಬಿಡಿಯಲ್ಲಿ ಒಂದು ಸಾಲು ಹಾರಿಸಿದೆ. ಮಂಚದ ಕಂಬಿಯ ಮೇಲೆ ಪಟ್ಟನೆ ಏಟು ಬಿತ್ತು. ಗೋಡೆಯತ್ತ ತಿರುಗಿದ್ದ ಸುಮನ್‌ತಾಯಿ ನನ್ನತ್ತ ತಿರುಗಿದ್ದರು.

"ಅಲ್ಲ," ಎಂದರು.

ಹಿಂದಕ್ಕೆ ಹೋಗಿ ಬಿಟ್ಟ ಸಾಲನ್ನು ಓದಿ, ಕೊನೆಯ ಪದದ ಮುಂದೆ ಬೇಕೆಂದೇ ನಿಂತೆ. ಅವರು ನಿಧಾನಕ್ಕೆ, ಒಡಕು ದನಿಯಲ್ಲಿ "ಮಗ್ಗ" ಎಂದರು. ಪುಸ್ತಕದಲ್ಲಿದ್ದದ್ದು ಅದೇ.

ಬಾಯಿಪಾಠವಾದ ಮಾತು, ಹಾಡು, ಮಂತ್ರ ಕೆಲವೊಮ್ಮೆ ಅಫೇಸಿಯಾದಲ್ಲೂ ಉಳಿದಿರುತ್ತವೆ. ಅಷ್ಟರಿಂದಲೇ ಭಾಷೆ ಉಳಿದಿದೆ ಎನ್ನಲಾಗದು. ಪುಸ್ತಕ ಕೆಳಗಿಟ್ಟು ಕೇಳಿದೆ: "ಗಂಗವ್ವಕ್ಕಾರ, ನಿಮಗ ಕನ್ನಡ ತಿಳಿತದೇನ್ರಿ?"

ಅವರು ನನ್ನನ್ನು ನೋಡುತ್ತಲೇ ಇದ್ದರು. ಕಣ್ಣು ತುಂಬಿತು. ಎಡಗೈಯನ್ನು ಬಾಯಿಯ ಹತ್ತಿರ ತಂದು, ಕಷ್ಟಪಟ್ಟು, "ನೀ... ನೀರ" ಎಂದರು.

ಲೋಟ ಹಿಡಿದೆ. ಪೂರ್ತಿ ಕುಡಿದರು. ಇನ್ನೊಂದು ತುಂಬಿಸಿದೆ. ಸಾಕಾದಾಗ ಲೋಟವನ್ನು ಸರಿಸಿ "ಬ್ಯಾಡ" ಎಂದರು. ಬ್ಯಾಡ. ಬ್ಯಾ, ಬ್ಯಾ.

"ಆಯಿ ಏನಂದಳು?" ಎಂದು ವೈಶಾಲಿ ಕೇಳಿದಳು.

"ನೀರು ಕೇಳಿದರು."

ಅವಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಮೂರು ವಾರದಿಂದ ಅದನ್ನೇ ಅನ್ನಾಕತ್ತಾಳಲ್ಲ, ಮ್ಯಾಡಮ್," ಎಂದಳು. ಕೇಳಿದಾಗ ಸಿಗದ ನೀರು ಹೊತ್ತುಹೊತ್ತಿಗೆ ಬರುತ್ತಿತ್ತು, ಬೇಡವೆಂದ ಚಮಚ ಬಾಯಿಗೆ ಬರುತ್ತಿತ್ತು. ಆ ನರ್ಸಿನ ಕೈಯನ್ನು ಚಿವುಟದೆ ಅವರು ಇನ್ನೇನು ಮಾಡಬೇಕಿತ್ತು!

ಅದೇ ಸಂಜೆ ಅದೇ ಇಪ್ಪತ್ತು ಸೂಚನೆಗಳನ್ನು ಕನ್ನಡದಲ್ಲಿ ಕೊಟ್ಟೆ. ಹದಿನಾರನ್ನು ಪಾಲಿಸಿದರು. ಚಿತ್ರಗಳಲ್ಲಿ ಐದನ್ನು ಹೆಸರಿಸಿದರು. ಎರಡು ಭಾಷೆ ಬಲ್ಲವರಿಗೆ ಸಾಮಾನ್ಯವಾಗಿ ಎರಡೂ ಒಟ್ಟಿಗೇ ಕುಂದುತ್ತವೆ. ಅಪರೂಪಕ್ಕೆ ಒಂದು ಹೆಚ್ಚು ಕುಂದಿ ಇನ್ನೊಂದು ಉಳಿಯುವುದುಂಟು. ಉಳಿಯುವುದು ಕೊನೆಯಲ್ಲಿ ಬಳಸುತ್ತಿದ್ದ ಭಾಷೆಯೇ ಆಗಬೇಕೆಂದೇನಿಲ್ಲ. ಪಠ್ಯದಲ್ಲಿ ಓದಿದ್ದೆ. ಎದುರಿಗೆ ಕಂಡದ್ದು ಅದೇ ಮೊದಲು. ವರದಿಯ ಕರಡನ್ನು ಅಳಿಸಿದೆ. ಫೈಲಿನ ಹಳೆಯ ಟಿಪ್ಪಣಿಗಳನ್ನು ಅಳಿಸುವಂತಿರಲಿಲ್ಲ. ಅವುಗಳ ಕೆಳಗೆ, ಇದು ರೋಗಿಯ ದೋಷವಲ್ಲ, ಪರೀಕ್ಷಿಸಿದವಳು ತಪ್ಪು ಭಾಷೆಯಲ್ಲಿ ಪರೀಕ್ಷಿಸಿದ್ದಾಳೆ ಎಂದು ಬರೆದು ಸಹಿ ಹಾಕಿದೆ.

ಬುಧವಾರದ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ವೈದ್ಯರು ಖುಷಿಪಟ್ಟರು. ವಸಂತರಾವ್ ಖುಷಿಪಡಲಿಲ್ಲ. ತವರಿನವರು ತಮ್ಮೆದುರು ಮರಾಠಿಯನ್ನೇ ಆಡುತ್ತಿದ್ದರು, ಹೆಂಡತಿಗೆ ಕನ್ನಡ ಬರುತ್ತದೆಂದು ತಮಗೆ ತಿಳಿದೇ ಇರಲಿಲ್ಲ ಎಂದರು.

"ನಲವತ್ತನಾಲ್ಕು ವರ್ಷ ನಮ್ಮ ಜೋಡಿ ಮಾತಾಡಿದ್ದೆಲ್ಲಾ ಹೋತು ಅಂತೀರಿ," ಎಂದರು. "ಅದರ ಮೊದಲಿಂದು ಉಳದದ ಅಂತೀರಿ. ಇದು ನನಗ ಸಿಹಿ ಸುದ್ದಿ ಹ್ಯಾಂಗ ಆಗ್ತದ?"

ಹಾಗೆ ಯೋಚಿಸಬೇಡಿ, ಇದು ಮೆದುಳಿನ ಗಾಯದ ಲೆಕ್ಕ, ಪ್ರೀತಿಯದಲ್ಲ ಎಂದೆ. ಅವರು ತಲೆಯಾಡಿಸಿದರು. ಆದರೆ ಮುಂದೆ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: "ನೀವು ಅಕಿಗೆ ಕನ್ನಡ ಕಲಿಸ್ತೀರಿ. ಮನ್ಯಾಗ ಯಾರ ಜೋಡಿ ಮಾತಾಡಬೇಕು ಅಕಿ?"

ಥೆರಪಿ ಮನೆಯ ಭಾಷೆಯಲ್ಲಿ ಇರಬೇಕೆಂಬುದು ನಮ್ಮ ವೃತ್ತಿಯಲ್ಲೂ ಒಂದು ವಾದ. ನಾನಿರುವುದು ದಿನಕ್ಕೆ ಮುಕ್ಕಾಲು ಗಂಟೆ. ಉಳಿದ ದಿನವೆಲ್ಲ ಕೇಳುವವರಿಲ್ಲದ ಭಾಷೆಯನ್ನು ಗಟ್ಟಿ ಮಾಡಿ ಏನು ಉಪಯೋಗ? ಅಷ್ಟರಲ್ಲಿ ವೈಶಾಲಿ ಬಾಯಿ ಹಾಕಿದಳು.

"ನನಗ ಓದಾಕ ಕಲಿಸ್ರಿ," ಎಂದಳು. "ಪೋಥಿ ನಾ ಓದತೀನಿ."

ಹಾಗೆ ಶುರುವಾಯಿತು. ಡ್ಯೂಟಿ ಮುಗಿದ ಮೇಲೆ ಅರ್ಧ ಗಂಟೆ ಅವಳಿಗೆ ಅಕ್ಷರ ಹೇಳಿಕೊಟ್ಟೆ. ಒಂದು ನೋಟ್‌ಬುಕ್, ಎಡಕ್ಕೆ ದೇವನಾಗರಿ, ಬಲಕ್ಕೆ ಕನ್ನಡ. ಬೋಲ್ಟಿನ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಣ್ಣು ಅವಳದು. ಒತ್ತಕ್ಷರಗಳನ್ನೂ ಹಾಗೆಯೇ ಹಿಡಿದಳು. ಬಸ್ಸಿನಲ್ಲಿ ಹೋಗುವಾಗ ಓದಲು ಅಂಗಡಿಯ ಕನ್ನಡ ಬೋರ್ಡು ಸಿಗುವ ಊರಲ್ಲ ಇದು, ಹಾಗಾಗಿ ನಾನು ಮನೆಯಿಂದ ಹಳೆಯ ಕ್ಯಾಲೆಂಡರ್ ತಂದುಕೊಟ್ಟೆ. ಮೂರನೆಯ ವಾರಕ್ಕೆ, ಅರ್ಥ ಪೂರ್ತಿ ತಿಳಿಯದಿದ್ದರೂ, ಒಂದೊಂದೇ ಪದ ಕೂಡಿಸಿ ಓದುವಷ್ಟಾದಳು.

ಅಷ್ಟರಲ್ಲಿ ನಾನು ಓದಿದಾಗ ಸುಮನ್‌ತಾಯಿ ಶಾಂತವಾಗಿ ಕೇಳುತ್ತಿದ್ದರು, ನಿಲ್ಲಿಸಿದರೆ ಪದ ತುಂಬುತ್ತಿದ್ದರು. ಪ್ರಗತಿಯಿತ್ತು, ಆದರೆ ಪುಸ್ತಕದ ಹೊರಗೆ ಸ್ವಂತ ಮಾತು 'ನೀರ', 'ಬ್ಯಾಡ'ಗಳ ಆಚೆ ಬರುತ್ತಿರಲಿಲ್ಲ. ವೈಶಾಲಿ ಓದಲು ಕುಳಿತ ಮೊದಲ ಸಂಜೆ ಅದು ಬದಲಾಯಿತು.

ಮರಾಠಿಯಲ್ಲಿ 'ಎ', 'ಒ'ಗಳ ಹ್ರಸ್ವ ದೀರ್ಘ ಭೇದವಿಲ್ಲ. ಅವಳು ಓದಿದ್ದು ಕಾದಂಬರಿಯಲ್ಲಿ ಅಪ್ಪ ಊರು ಬಿಟ್ಟ ಮರುಬೆಳಗಿನ ಭಾಗ. ಅವ್ವ ಮಾತಿಲ್ಲದೆ ಎದ್ದು ಒಲೆ ಹೊತ್ತಿಸುತ್ತಾಳೆ. ವೈಶಾಲಿ ಬಹಳ ಶ್ರದ್ಧೆಯಿಂದ, ಅವ್ವ 'ಓಲೆ' ಹೊತ್ತಿಸಿದಳು ಎಂದು ಓದಿದಳು.

"ಒಲಿ!" ಎಂದರು ತಾಯಿ.

"ಓಲಿ," ಎಂದಳು ಮಗಳು.

"ಒಲಿ. ಒಲಿ! ಓಲಿ... ಕಾಗದ." ಎಡಗೈಯಲ್ಲಿ ಗಾಳಿಯಲ್ಲಿ ಬರೆದು ತೋರಿಸಿದರು. ಆಮೇಲೆ, ಗಂಡ ಹೋದ ಮರುದಿನವೇ ಕಾಗದ ಸುಡುತ್ತಾ ಕುಳಿತ ಹೆಂಗಸನ್ನು ನೆನೆದರೋ ಏನೋ, ನಗಲಾರಂಭಿಸಿದರು. ಬಾಯಿಯ ಬಲತುದಿ ಜೋತಿದ್ದರಿಂದ ನಗು ಒಂದೇ ಕಡೆ ಏರಿತು. ವೈಶಾಲಿಗೆ ಏನೆಂದು ತಿಳಿಯದಿದ್ದರೂ ಅವಳೂ ನಕ್ಕಳು, ನಗುತ್ತಲೇ ಅತ್ತಳು. ಹೊರಗೆ ಬೆಂಚಿನ ಮೇಲಿದ್ದ ವಸಂತರಾವ್ ಗಾಬರಿಯಾಗಿ ಒಳಗೆ ಬಂದರು.

"ಏನಾತು?"

"ಆಯಿ ನನ್ನ ತಪ್ಪು ಹಿಡದಳು," ಎಂದಳು ಮಗಳು.

ಆ ಮೊದಲ ದಿನ ಬಿಟ್ಟರೆ ನಾನು ಪದವೊಂದನ್ನೂ ತಪ್ಪದೆ ಓದುತ್ತಿದ್ದೆ. ಹಾಗಾಗಿ ಅವರಿಗೆ ಮಾತಾಡುವ ಅಗತ್ಯವೇ ಬಂದಿರಲಿಲ್ಲ. ಮಗಳ ಪ್ರತಿ ಸಾಲಿನಲ್ಲೂ ತಪ್ಪು. ತಿದ್ದಲು ಪದ ಬೇಕು, ಅರ್ಥ ಹೇಳಲು ಇನ್ನೊಂದು ಪದ ಬೇಕು, ಅದು ಬಾರದಿದ್ದರೆ ಮಗಳಿಗೆ ತಿಳಿಯುವ ಮರಾಠಿಯೇ ಬೇಕು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, 'ಹಿಟ್ಟು' ಎಂದರೇನೆಂದು ಮಗಳು ಕೇಳಿದಾಗ, ತಡಕಾಡಿ ತಡಕಾಡಿ "ಪೀಠ" ಎಂದುಬಿಟ್ಟರು. ಹಿಟ್ಟಿಗೆ ಮರಾಠಿಯಲ್ಲಿ ಅದೇ ಹೆಸರು. ಪಾರ್ಶ್ವವಾಯು ಬಡಿದ ನಂತರ ಅವರು ಆಡಿದ ಮೊದಲ ಮರಾಠಿ ಪದ. ವಸಂತರಾವ್ ಅದನ್ನು ಜೇಬಿನ ಡೈರಿಯಲ್ಲಿ ಬರೆದುಕೊಂಡರು. ಮರುದಿನದಿಂದ ಅವರೂ ಒಂದು ಪಟ್ಟಿ ಮಾಡತೊಡಗಿದರು, ಕನ್ನಡದ್ದು: ನೀರು, ಸಾಕು, ಬ್ಯಾಡ, ಬಿಸಿ, ನೋವು. ಆರೈಕೆ ಕೇಂದ್ರದ ಮಾತು ಯಾರೂ ಮತ್ತೆ ಎತ್ತಲಿಲ್ಲ.

ಆಸ್ಪತ್ರೆಗೆ ಬಂದ ಎರಡು ತಿಂಗಳಿಗೆ ಅವರನ್ನು ಮನೆಗೆ ಕಳಿಸಿದೆವು. ವಾರಕ್ಕೊಮ್ಮೆ ಸಾಸವಡದಿಂದ ಬರುತ್ತಿದ್ದರು. ಪವಾಡವೇನೂ ನಡೆಯಲಿಲ್ಲ. ಬಲಗೈ ಬರಲಿಲ್ಲ. ವಾಕ್ಯ ಮೂರು ಪದ ದಾಟಿದರೆ ಮುರಿಯುತ್ತಿತ್ತು. ಕನ್ನಡ ಮುಂದೆ, ಮರಾಠಿ ಹಿಂದೆ, ಎರಡೂ ಕುಂಟುತ್ತ ನಡೆದವು. ಆದರೆ ಅಡುಗೆಗೆ ಉಪ್ಪು ಹೆಚ್ಚಾದರೆ ಗಂಡನಿಗೆ ಹೇಳಬಲ್ಲವರಾದರು, ಹೇಳುತ್ತಲೂ ಇದ್ದರು. ಇತ್ತ ನಮ್ಮ ವಿಭಾಗದ ಪ್ರವೇಶ ನಮೂನೆಯಲ್ಲಿ, ಮೊದಲು ಓದಲು ಕಲಿತದ್ದು ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯನ್ನು ಸೇರಿಸಿದೆ.

ಜನವರಿಯ ಒಂದು ಭೇಟಿಯಲ್ಲಿ ವೈಶಾಲಿ ಪುಸ್ತಕವನ್ನು ನನ್ನ ಮುಂದಿಟ್ಟು ಒಂದು ವಿಚಿತ್ರ ತೋರಿಸಿದಳು. ಮುಕ್ಕಾಲು ಭಾಗದವರೆಗೆ ಹಾಳೆಗಳೆಲ್ಲ ಬೆರಳಿನ ಕಲೆಯಿಂದ ಮಾಸಿದ್ದವು. ಅಲ್ಲಿಂದ ಮುಂದಿನ ನಲವತ್ತೋ ಐವತ್ತೋ ಪುಟ ಹೊಸದರಂತೆ ಸ್ವಚ್ಛ.

"ಇಲ್ಲಿಗೆ ಬಂದ ಕೂಡಲೆ ಆಯಿ ಪುಸ್ತಕ ಮುಚ್ಚಂತಾಳ. ಮತ್ತ ಮೊದಲಿಂದ ಓದು ಅಂತಾಳ. ಯಾಕರೀ?"

ಆ ಜಾಗ ನೋಡುತ್ತಲೇ ಹಳೆಯ ಓದು ನೆನಪಾಯಿತು. ಹುಡುಗಿಗೆ ಹದಿನೇಳಾಗುತ್ತದೆ. ಊರಿನ ಮಾಸ್ತರು ಮನೆಗೆ ಬಂದು, ಅವಳನ್ನು ಮತ್ತೆ ಶಾಲೆಗೆ ಕಳಿಸಿ ಎಂದು ಅವ್ವನನ್ನು ಕೇಳುತ್ತಾರೆ. ಅವ್ವ ಏನು ಹೇಳುತ್ತಾಳೆ ಎನ್ನುವಲ್ಲಿ ಅಧ್ಯಾಯ ನಿಲ್ಲುತ್ತದೆ. ಮುಂದಿನ ಅಧ್ಯಾಯದಲ್ಲಿ ಅವಳು ಹೋಗುತ್ತಾಳೆ.

ಸುಮನ್‌ತಾಯಿಯನ್ನೇ ಕೇಳಿದೆ: "ಅಕ್ಕಾರ, ಮುಂದ ಯಾಕ ಓದಿಲ್ಲ?"

ಅವರು ಉತ್ತರ ಕೂಡಿಸಲು ಬಹಳ ಹೊತ್ತು ತೆಗೆದುಕೊಂಡರು. ನಾವು ಮೂವರೂ ಕಾಯ್ದೆವು. "ಸಾಲಿ... ಬಿಡಸಿದ್ರು," ಎಂದರು. ಎಡಗೈಯಿಂದ ತಮ್ಮ ಎದೆ ಮುಟ್ಟಿದರು. "ನಂದು. ಹದಿನೇಳು... ಲಗ್ನ."

ನಾನು ಮರಾಠಿಯಲ್ಲಿ ಹೇಳುವ ಮೊದಲೇ ವಸಂತರಾವ್ ಅವರಿಗೆ ಅರ್ಥವಾಗಿತ್ತು. ಲಗ್ನ ಎರಡೂ ಭಾಷೆಗೆ ಒಂದೇ. ಮೊದಲ ಹಾಳೆಯ ಬರಹವನ್ನು ಅವರಿಗೆ ಹಿಂದೆಯೇ ಓದಿ ಹೇಳಿದ್ದೆ, ತರಗತಿಗೆ ಪ್ರಥಮ ಎಂದು. ಈಗ ಪುಸ್ತಕವನ್ನು ಎತ್ತಿ ಮಗಳ ಕೈಗೆ ಕೊಟ್ಟು, ತಮ್ಮ ಪಟ್ಟಿಯ ಕನ್ನಡದಲ್ಲಿ, ತಪ್ಪು ಉಚ್ಚಾರದಲ್ಲಿ, "ಮುಂದ ಓದು" ಎಂದರು.

ಸುಮನ್‌ತಾಯಿ ಈ ಸಲ ಬ್ಯಾಡ ಎನ್ನಲಿಲ್ಲ. ವೈಶಾಲಿ ಓದಿದಳು. ಆ ಮುಕ್ಕಾಲು ಗಂಟೆಯ ಥೆರಪಿ ಅಷ್ಟೇ. ಅವ್ವ ಹೂಂ ಎನ್ನುತ್ತಾಳೆ, ತಮ್ಮಂದಿರು ಪಾಟಿ ತಂದುಕೊಡುತ್ತಾರೆ, ಹದಿನೇಳರ ಹುಡುಗಿ ಹನ್ನೊಂದರ ಮಕ್ಕಳ ನಡುವೆ ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಅಧ್ಯಾಯ ಮುಗಿದಾಗ ವೈಶಾಲಿ ತಲೆಯೆತ್ತಿ ತಾಯಿಯನ್ನು ನೋಡಿದಳು.

"ಸುಳ್ಳ," ಎಂದರು ಸುಮನ್‌ತಾಯಿ. ಆಮೇಲೆ, ಆ ಒಂದು ಕಡೆಯ ನಗುವಿನೊಡನೆ, "ಛಲೋ ಸುಳ್ಳ" ಎಂದರು.

ನಂತರದ ಎರಡು ವರ್ಷ ನಾನು ಕೆಲಸ ಮಾಡಿದ ರೀತಿ ಬೇರೆಯಾಯಿತು. ಎದುರಿಗಿರುವವರಿಗೆ ಏನೇನು ಬರುವುದಿಲ್ಲ ಎಂದು ಅಳೆಯುವುದರಲ್ಲಿ ನನಗೆ ಒಳ್ಳೆಯ ತರಬೇತಿಯಿತ್ತು. ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುವುದು ಯಾವುದು ಎಂದು ಮೊದಲು ಹುಡುಕಬೇಕೆಂಬುದನ್ನು ಸುಮನ್‌ತಾಯಿ ಕಲಿಸಿದರು. ಅದು ಸಿಕ್ಕಿದರೆ, ಅದರಲ್ಲಿ ಒಂದು ತಪ್ಪು ಮಾಡಿ ಕಾಯುವುದು. ನಿವೃತ್ತಿಯ ವರ್ಷ ಉಡುಪಿ ಕಡೆಯ ಒಬ್ಬ ಹೋಟೆಲಿನ ಅಡುಗೆ ಭಟ್ಟರು ಬಂದರು. ಆರು ವಾರದಿಂದ ತುಟಿ ಬಿಚ್ಚಿರಲಿಲ್ಲ. ನಾನು ಅವರ ಪಕ್ಕ ಕುಳಿತು, ದೋಸೆ ಹಿಟ್ಟಿಗೆ ಉದ್ದಿಗಿಂತ ಕಡಲೆಬೇಳೆ ಜಾಸ್ತಿ ಹಾಕಬೇಕಂತಲ್ಲ ಎಂದೆ.

ಭಟ್ಟರು ಮಂಚದಿಂದ ಅರ್ಧ ಎದ್ದರು. "ಯಾರು ಹೇಳಿದ್ದು?" ಎಂದರು.